ಅಂಕ ಇತ್ತು, ಪತ್ರ ಇರಲಿಲ್ಲ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುವವರು ಯಾವ ನೋಟಿಫಿಕೇಶನ್ ಬಂದರೂ ಅರ್ಜಿ ಹಾಕಿಬಿಡುತ್ತಾರೆ. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪೊಲೀಸ್, ಬ್ಯಾಂಕು, ರೈಲ್ವೆ, ಯಾವುದನ್ನೂ ಬಿಡುವುದಿಲ್ಲ. ನಾನೂ ಹಾಕಿದೆ. ಓದಿಗೆ ಗೋಡೆಯ ಮೇಲೆ ವೇಳಾಪಟ್ಟಿ ಇತ್ತು. ಅರ್ಜಿಗಳಿಗೆ ಲೆಕ್ಕವೇ ಇರಲಿಲ್ಲ. ಪಾಸ್‌ವರ್ಡು ಬಸ್ ಟಿಕೆಟಿನ ಹಿಂದೆ, ಚಲನ್ ಯಾವುದೋ ಗೈಡಿನೊಳಗೆ. ಒಂದು ಅರ್ಜಿಗಂತೂ ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ತನ್ನದೇ ಇಮೇಲ್ ತುಂಬಿದ್ದ. ಹಾಲ್ ಟಿಕೆಟ್ ಬಂದಿತ್ತೆಂದು ನನಗೆ ಗೊತ್ತಾಗುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ನಕ್ಕು ಸುಮ್ಮನಾದೆ. ಆಗಲೇ ಎಚ್ಚರಾಗಬೇಕಿತ್ತು.

ಮುಂದೆ ಗುಮಾಸ್ತ ಹುದ್ದೆಯೊಂದಕ್ಕೆ 2ಎ ಪ್ರವರ್ಗದ ಕಟ್ ಆಫ್ ದಾಟಿ ದಾಖಲೆ ಪರಿಶೀಲನೆಗೆ ಕರೆ ಬಂತು. ಮೇಜಿನಾಚೆ ಕೂತವರು ನನ್ನ ಜಾತಿ-ಆದಾಯ ಪ್ರಮಾಣಪತ್ರ ಎತ್ತಿಕೊಂಡು ದಿನಾಂಕದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು.

“ಇದರ ಅವಧಿ ಮುಗದೈತಲ್ಲಪಾ.”

“ಹೊಸಾದೂ ತಂದೀನ್ರಿ ಸರ್.”

“ಅದನ್ನ ಕೊನೀ ತಾರೀಖು ಆದಮ್ಯಾಲೆ ಮಾಡಿಸೀದಿ.”

2ಎ ಪತ್ರ ಐದು ವರ್ಷ ನಡೆಯುತ್ತದೆ. ಆದರೆ ಅರ್ಜಿ ಸಲ್ಲಿಸುವ ಕೊನೆಯ ದಿನ ಅದು ಚಾಲ್ತಿಯಲ್ಲಿರಬೇಕು. ಪರಿಶೀಲನೆಯ ದಿನ ಹೊಸದು ಹಿಡಿದು ಹೋದರೆ ಪ್ರಯೋಜನವಿಲ್ಲ. ನನ್ನದು ಡಿಗ್ರಿ ಸೇರುವಾಗ ಮಾಡಿಸಿದ್ದು. ನನ್ನನ್ನು ಸಾಮಾನ್ಯ ವರ್ಗಕ್ಕೆ ಹಾಕಿದರು, ಅಲ್ಲಿಗೆ ನನ್ನ ಅಂಕ ಸಾಲಲಿಲ್ಲ. ಯಾರ ಮೇಲೆ ಸಿಟ್ಟಾಗುವುದು? ನಿಯಮ ಅಧಿಸೂಚನೆಯಲ್ಲೇ ಇತ್ತು. ನಾನು ಹುದ್ದೆಗಳ ಸಂಖ್ಯೆ, ಸಿಲೆಬಸ್ ನೋಡಿ ಪಿಡಿಎಫ್ ಮುಚ್ಚಿದ್ದೆ.

ಆಮೇಲೆ ಉದ್ರಿ ಪುಸ್ತಕದಂಥ ಉದ್ದನೆಯ ನೋಟ್‌ಬುಕ್ಕೊಂದು ತಂದೆ. ಅರ್ಜಿಗೊಂದು ಪುಟ: ಅರ್ಜಿ ಸಂಖ್ಯೆ, ಕೊಟ್ಟ ಮೊಬೈಲ್ ನಂಬರು, ಶುಲ್ಕ ಕಟ್ಟಿದ ದಿನ, ಕೇಳಿದ ಮೀಸಲಾತಿ. ಈ ಕೊನೆಯದರಲ್ಲೇ ಎಲ್ಲ ತೊಡಕು. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ ಮೇಲುರುಜು ಬೇಕು. (ಬೇಸಿಗೆ ರಜೆಯಲ್ಲಿ ಹೆಡ್ ಮಾಸ್ತರರನ್ನು ಹುಡುಕಿ ನೋಡಿ!) ಕನ್ನಡ ಮಾಧ್ಯಮದ ಪತ್ರ ಬೇರೆ. ಕಲ್ಯಾಣ ಕರ್ನಾಟಕದವರಾದರೆ ಸಹಾಯಕ ಆಯುಕ್ತರು ಕೊಡುವ 371ಜೆ ಪತ್ರ. ಬ್ಯಾಂಕು, ರೈಲ್ವೆಗೆ ಇದೇ 2ಎ ಪತ್ರ ನಡೆಯುವುದಿಲ್ಲ, ಕೆನೆಪದರಕ್ಕೆ ಸೇರಿಲ್ಲವೆಂದು ಕೇಂದ್ರದ ನಮೂನೆಯಲ್ಲೇ ಬರೆದ ಒಬಿಸಿ ಪತ್ರ ಬೇಕು. ಒಂದೇ ಜಾತಿ, ಒಬ್ಬನೇ ಅಭ್ಯರ್ಥಿ, ಆದರೂ ಕಾಗದ ಎರಡು.

ಕೋಚಿಂಗಿನಲ್ಲಿ ಇದನ್ನು ಯಾರೂ ಪಾಠ ಮಾಡುವುದಿಲ್ಲ. ಎಕ್ಸೆಲ್ ಶೀಟು ಮಾಡು ಎಂದವರಿದ್ದರು, ಮಾಡಿದೆ, ತೆರೆಯಲಿಲ್ಲ. ನೋಟ್‌ಬುಕ್ ದಿಂಬಿನ ಪಕ್ಕ ಇರುತ್ತದೆ, ಕಣ್ಣಿಗೆ ಬೀಳುತ್ತದೆ.

ನೀವೂ ಅರ್ಜಿ ಹಾಕುವವರಾದರೆ ಸಿಲೆಬಸ್ ನೋಡುವ ಮುಂಚೆ ಆರ್‌ಡಿ ನಂಬರಿರುವ ನಿಮ್ಮ ಜಾತಿ-ಆದಾಯ ಪತ್ರ ತೆಗೆದು ದಿನಾಂಕ ನೋಡಿ. ಅವಧಿ ಮುಗಿಯಲು ಬಂದಿದ್ದರೆ ನಾಡಕಚೇರಿಯಲ್ಲಿ ಇವತ್ತೇ ಅರ್ಜಿ ಕೊಡಿ.