ಗುಲಾಬಿ ಪಾರ್ಸೆಲ್ಲು, ಮಲೆನಾಡಿನ ಮಳೆ

ಸಕಲೇಶಪುರದ ಮನೆಗೆ ಪಾರ್ಸೆಲ್ಲಿನಲ್ಲಿ ಗುಲಾಬಿ ಗಿಡ ತರಿಸುವವರು ಬಣ್ಣಕ್ಕಿಂತ ಮೊದಲು ತಿಂಗಳು ನೋಡಬೇಕು. ಜೂನ್‌ನಲ್ಲಿ ಬಂದ ಗಿಡ ಬೇರು ಬಿಡುವ ಮೊದಲೇ ಜಡಿಮಳೆಗೆ ಸಿಕ್ಕಿ ಕೊಳೆಯುತ್ತದೆ. ಮಳೆ ಹಿಂದೆ ಸರಿಯುವ ಅಕ್ಟೋಬರ್, ನವೆಂಬರ್ ವಾಸಿ.

ಇಲ್ಲಿ ಗುಲಾಬಿಯ ದೊಡ್ಡ ಶತ್ರು ಕಪ್ಪುಚುಕ್ಕೆ ರೋಗ. ಎಲೆ ಸುಮಾರು 7 ಗಂಟೆ ಒದ್ದೆಯಾಗಿದ್ದರೆ ಸಾಕು, ಶಿಲೀಂಧ್ರದ ಬೀಜಾಣು ಮೊಳೆತು ಒಳಗೆ ಇಳಿಯುತ್ತದೆ. ಆಷಾಢದ ಮಲೆನಾಡಿನಲ್ಲಿ ಎಲೆ ದಿನಗಟ್ಟಲೆ ಒಣಗುವುದೇ ಇಲ್ಲ! ಆದ್ದರಿಂದ ಸಿಲ್ವರ್ ಮರದ ನೆರಳು ಬೇಡ. ಬೆಳಗಿನ ಬಿಸಿಲು ಬೀಳುವ, ಗಾಳಿಯಾಡುವ ಏರುಮಡಿಯೇ ಬೇಕು. ಉದುರಿದ ಎಲೆಯನ್ನು ಬುಡದಲ್ಲಿ ಬಿಡಬಾರದು.

ನರ್ಸರಿಯ ಗಿಡಗಳಲ್ಲಿ ಹೆಚ್ಚಿನವು ಕಸಿಯವು. ಕಸಿಗಂಟಿನ ಕೆಳಗಿಂದ ಹುರುಪಾಗಿ ಏಳುವ ಚಿಗುರು ಬುಡದ ಕಾಡುತಳಿಯದು. ಅದನ್ನು ಕಂಡ ಕೂಡಲೇ ಬುಡಸಮೇತ ಕೀಳಬೇಕು, ಇಲ್ಲವಾದರೆ ದುಡ್ಡು ಕೊಟ್ಟು ತಂದ ತಳಿಯನ್ನೇ ಅದು ಸೊರಗಿಸುತ್ತದೆ.

ಗುಲಾಬಿ ಚಳಿ ನಾಡಿನ ಹೂವೆಂಬ ಮಾತು ಪೂರ್ತಿ ನಿಜವಲ್ಲ. ಬಂಗಾಳದ ತಗ್ಗುಪ್ರದೇಶದ ರೋಸಾ ಕ್ಲೈನೋಫಿಲ್ಲಾ ಎಂಬ ಕಾಡುಗುಲಾಬಿ ಮಳೆಗಾಲದಲ್ಲಿ ನೀರು ನಿಂತ ನೆಲದಲ್ಲೂ ಬದುಕುತ್ತದೆ. ಐಎಎಸ್ ಹುದ್ದೆ ಬಿಟ್ಟು ಕೊಡೈಕೆನಾಲ್‌ನಲ್ಲಿ ನೆಲೆಸಿದ ವೀರರಾಘವನ್ ಅವರು ಇದನ್ನೂ ಮಣಿಪುರದ ಬೆಟ್ಟಗಳ ರೋಸಾ ಜೈಗಾಂಟಿಯಾವನ್ನೂ ಬಳಸಿ, ಬೆಚ್ಚನೆಯ ಹವೆಗೆ ಒಗ್ಗುವ ತಳಿಗಳನ್ನು ದಶಕಗಳ ಕಾಲ ರೂಪಿಸಿದರು. ಮಲೆನಾಡಿಗೆ ಗಿಡ ಕಳಿಸುವ ನರ್ಸರಿಗಳು ಇಂಥ ತಳಿಗಳನ್ನೇ ಪಟ್ಟಿಯ ಮೊದಲ ಪುಟದಲ್ಲಿ ಇಡಬೇಕು.

ಅಲ್ಲಿಯವರೆಗೆ ಅಂಗಳದ ಒಂದು ಮೂಲೆ ಪನ್ನೀರು ಗುಲಾಬಿಗೂ ಇರಲಿ.