ಊಟಕ್ಕೆ ಯಾರು ಯಾರಿದ್ದೀರಿ?

ಬೆಳಿಗ್ಗೆ ಆಫೀಸಿನಲ್ಲಿ ಊಟದ ಡಬ್ಬಿ ಇಡಲು ಫ್ರಿಜ್ ಬಳಿ ಹೋದರೆ ಬಾಗಿಲ ಮೇಲೊಂದು ಹೊಸ ನೋಟೀಸು. ಡಬ್ಬಿಯ ಮೇಲೆ ಹೆಸರು, ಟೀಮು, ಎಂಪ್ಲಾಯಿ ನಂಬರು, ತಾರೀಕು ಬರೆದಿರಬೇಕು. ಬರೆಯದ ಡಬ್ಬಿಗಳನ್ನು ಶುಕ್ರವಾರ ಸಂಜೆ ಹೌಸ್‌ಕೀಪಿಂಗ್‌ನವರು ಎತ್ತಿ ಬಿಸಾಡುತ್ತಾರೆ. ಪಕ್ಕದಲ್ಲಿ ದಾರ ಕಟ್ಟಿದ ಮಾರ್ಕರ್ ಪೆನ್ನು, ಬಿಳಿ ಸ್ಟಿಕರ್‌ಗಳ ಸುರುಳಿ. ಬರೆಸಿದವರದು ತಪ್ಪೇನಿಲ್ಲ. ಮುನ್ನೂರು ಜನ ಬಳಸುವ ಫ್ರಿಜ್ಜಿನಲ್ಲಿ ಹಳಸಿದ ಚಟ್ನಿ ಯಾರದೆಂದು ಹುಡುಕುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ. ಆದರೂ ನನಗೆ ಸಿಟ್ಟು ಬಂತು, ಹತ್ತು ಗಂಟೆಯ ಮೀಟಿಂಗು ಮುಗಿದರೂ ಇಳಿಯಲಿಲ್ಲ. ಹಳದಿ ಮುಚ್ಚಳದ ಡಬ್ಬಿ ನನ್ನದು, ಸೋಮವಾರ ಅದರಲ್ಲಿ ಚಿತ್ರಾನ್ನವೇ ಇರುತ್ತದೆ, ಕಡಲೆಕಾಯಿ ಬೀಜ ನಾನು ಧಾರಾಳವಾಗಿ ಹಾಕುತ್ತೇನೆ ಎಂದು ಈ ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಾಲವೊಂದಿತ್ತು.

ಸ್ಟಾರ್ಟಪ್ ಕೆಲಸ ಹೇಗಿರುತ್ತದೆ ಎಂದು ನೆಂಟರ ಮನೆ ಹುಡುಗರು ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಕೇಳುತ್ತಾರೆ. ರಾತ್ರಿ ಹನ್ನೊಂದಕ್ಕೂ ಫೋನು ಬಡಿದುಕೊಳ್ಳುತ್ತದೆ, ಸಿಲ್ಕ್ ಬೋರ್ಡಿನಲ್ಲಿ ಅರ್ಧ ಆಯುಷ್ಯ ಕಳೆಯುತ್ತದೆ, ಇವತ್ತಿದ್ದ ಮ್ಯಾನೇಜರು ನಾಳೆ ಇರುವುದಿಲ್ಲ. ಇದೆಲ್ಲ ಅವರಿಗೂ ಗೊತ್ತಿರುವ ಸಂಗತಿ. 2024ರ ಜುಲೈಯಲ್ಲಿ ಐಟಿ ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಲು ದಾರಿ ಮಾಡುವ ಪ್ರಸ್ತಾಪ ಕರ್ನಾಟಕದಲ್ಲಿ ಬಂದಾಗ ನೌಕರರ ಸಂಘ ಪ್ರತಿಭಟಿಸಿತು, ಪ್ರತಿಭಟಿಸಿದ್ದು ಸರಿಯಾಗಿತ್ತು. ಅದರ ಬಗ್ಗೆ ಹೊಸದಾಗಿ ಹೇಳುವುದು ನನ್ನಲ್ಲೇನೂ ಇಲ್ಲ. ನನಗೆ ಹೇಳಬೇಕಾಗಿರುವುದು ಮಧ್ಯಾಹ್ನದ ಊಟದ ವಿಚಾರ.

ನಾನು ಸೇರಿದಾಗ ಕಂಪನಿ ಕೋರಮಂಗಲದ ಒಂದು ಮನೆಯ ಮೊದಲ ಮಹಡಿಯಲ್ಲಿತ್ತು. ಸಣ್ಣ ಅಂಗಡಿಯವರಿಗೆ ಬಿಲ್ಲು ಹಾಕುವ ಆ್ಯಪ್ ಮಾಡಿಕೊಡುವುದು ನಮ್ಮ ಕಸುಬು. ಆ ಬಡಾವಣೆಯಲ್ಲಿ ಹಾಗೆ ಮನೆಗಳಲ್ಲಿ ಹುಟ್ಟಿದ ಕಂಪನಿಗಳಿಗೆ ಬರವಿಲ್ಲ. 2007ರಲ್ಲಿ ಫ್ಲಿಪ್‌ಕಾರ್ಟ್ ಶುರುವಾದದ್ದೂ ಕೋರಮಂಗಲದ ಅಪಾರ್ಟ್‌ಮೆಂಟಿನಲ್ಲೇ. ನಮ್ಮ ಮನೆಯ ಹಾಲಿನಲ್ಲಿ ಎರಡು ಮೇಜು ಜೋಡಿಸಿದ್ದರು. ಒಂದು ಇನ್ನೊಂದಕ್ಕಿಂತ ಅರ್ಧ ಇಂಚು ಎತ್ತರ. ಬೆಳಿಗ್ಗೆಯೆಲ್ಲ ಅದರ ಮೇಲೆ ಲ್ಯಾಪ್‌ಟಾಪು, ಚಾರ್ಜರು, ವೈರುಗಳ ಸಿಕ್ಕು. ಒಂದು ಗಂಟೆಗೆ ಅಕೌಂಟ್ಸ್ ನೋಡುತ್ತಿದ್ದ ಮಂಡ್ಯದ ಅಕ್ಕ ಲೆಡ್ಜರ್ ಮುಚ್ಚಿ ಎದ್ದು ನಿಂತು, "ಊಟಕ್ಕೆ ಯಾರು ಯಾರಿದ್ದೀರಿ?" ಎಂದು ಕೂಗುತ್ತಿದ್ದರು. ಲ್ಯಾಪ್‌ಟಾಪುಗಳು ಮಂಚದ ಮೇಲೆ ಹೋಗುತ್ತಿದ್ದವು. ಮೇಜಿಗೆ ಹಳೆಯ ಪೇಪರು ಹಾಸಿ ಎಲ್ಲರೂ ಕೂರುತ್ತಿದ್ದೆವು. ಪಿಜಿಯಲ್ಲಿದ್ದ ಹುಡುಗರಿಗೆ ಡಬ್ಬಿ ಇರುತ್ತಿರಲಿಲ್ಲ. ಅಕ್ಕ ಮುಚ್ಚಳ ಒಂದನ್ನು ಮಗುಚಿ ತಟ್ಟೆ ಮಾಡಿ ನಮ್ಮೆಲ್ಲರ ಡಬ್ಬಿಗಳಿಂದ ಒಂದೊಂದು ತುತ್ತು ತೆಗೆದು ಅವರ ಮುಂದಿಡುತ್ತಿದ್ದರು. ಕಂಪನಿ ಕಟ್ಟಿದವರೂ ಅದೇ ಬೆಂಚಿನ ಮೇಲೆ, ಮೊಸರನ್ನದ ಡಬ್ಬಿಯ ಜೊತೆ.

ಒಂದು ಮಧ್ಯಾಹ್ನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟು, ಮೊಸರು, ಮಂಡಕ್ಕಿಗೆಲ್ಲ ಶೇಕಡಾ 5ರಷ್ಟು ಜಿಎಸ್‌ಟಿ ಬಿತ್ತಲ್ಲ, ಅದಾದ ವಾರದ ಮಾತು. ನಮ್ಮ ಆ್ಯಪಿನಲ್ಲಿ ಹೊಸ ದರ ಹಾಕಿ ಆಗಿತ್ತು. ಫೋನು ತೆಗೆದುಕೊಳ್ಳುತ್ತಿದ್ದ ಹಾವೇರಿಯ ಹುಡುಗಿ ರೊಟ್ಟಿ ಮುರಿಯುತ್ತಾ, "ಅಂಗಡಿಯವರು ಮುಂಜಾನಿಂದ ಬೈಯಾಕತ್ತಾರ್ರಿ" ಎಂದಳು. ದಾವಣಗೆರೆಯ ಅಂಗಡಿಯವರೊಬ್ಬರ ಮಾತನ್ನು ಅವರ ದನಿಯಲ್ಲೇ ಹೇಳಿ ತೋರಿಸಿದಳು: "ಮಂಡಕ್ಕಿ ಚೀಲ ಬಿಚ್ಚಿ ಸೇರಲ್ಲಿ ಅಳದು ಕೊಡ್ತೀನಮ್ಮ ನಾನು. ಅದಕ್ಕೂ ಟ್ಯಾಕ್ಸ್ ಹಾಕ್ತತಲ್ಲ ನಿಮ್ಮ ಆ್ಯಪು, ಗಿರಾಕಿಗೆ ಏನಂತ ಹೇಳ್ಲಿ?" ಎದುರಿಗೆ ಕೂತಿದ್ದ ವಿಜಯವಾಡದ ಎಂಜಿನಿಯರ್ ಹುಡುಗನ ಕೈ ಗೋಂಗೂರ ಉಪ್ಪಿನಕಾಯಿಯ ಬಾಟಲಿಯ ಮೇಲೆ ಹಾಗೇ ನಿಂತಿತು. ಬಿಡಿಯಾಗಿ ಮಾರಿದರೆ ತೆರಿಗೆ ಇಲ್ಲ, 25 ಕಿಲೋಗಿಂತ ದೊಡ್ಡ ಚೀಲಕ್ಕೂ ಇಲ್ಲ ಎಂದು ಅಕೌಂಟ್ಸಿನ ಅಕ್ಕ ಅಲ್ಲೇ ಬಿಡಿಸಿ ಹೇಳಿದರು. ಹುಡುಗ ಕೈ ತೊಳೆದು ಹೋಗಿ ಕೂತ. ನಾಲ್ಕು ಗಂಟೆಯ ಟೀ ಬರುವಷ್ಟರಲ್ಲಿ ಆ್ಯಪಿನಲ್ಲಿ 'ಪ್ಯಾಕೆಟ್' ಮತ್ತು 'ಬಿಡಿ' ಎಂದು ಎರಡು ಗುಂಡಿಗಳು ಬಂದಿದ್ದವು. ಹಾವೇರಿಯವಳು ದಾವಣಗೆರೆಗೆ ತಿರುಗಿ ಫೋನು ಮಾಡಿದಳು.

ಅಂದು ಯಾರೂ ಮೀಟಿಂಗು ಕರೆದಿರಲಿಲ್ಲ. ಒಬ್ಬರು ಗೊಣಗಿದ್ದು ಇನ್ನೊಬ್ಬರ ಕಿವಿಗೆ ಬಿತ್ತು, ಮೂರನೆಯವರಿಗೆ ಕಾನೂನು ಗೊತ್ತಿತ್ತು, ಮೂವರೂ ಒಂದೇ ಮೇಜಿನಲ್ಲಿದ್ದರು. ಈ ನಗರದ ಒಳ್ಳೆಯ ಕಂಪನಿಗಳು ಹೀಗೆ ಕಿವಿಗೊಟ್ಟು ಕೇಳಿದ್ದರಿಂದಲೇ ಹುಟ್ಟಿದವು ಎಂದು ನಾನು ನಂಬಿದ್ದೇನೆ. 2005ರ ದೀಪಾವಳಿಗೆ ಹೈದರಾಬಾದಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಬೆಂಗಳೂರಿನಲ್ಲೇ ಉಳಿದ ಫಣೀಂದ್ರ ಸಾಮ, ಸೀಟುಗಳ ಲೆಕ್ಕ ಯಾರ ಬಳಿ ಇರುತ್ತದೆಂದು ಟ್ರಾವೆಲ್ಸ್ ಏಜೆಂಟರನ್ನೇ ಹೋಗಿ ಕೇಳಿದರು. ಮರುವರ್ಷ ಗೆಳೆಯರ ಜೊತೆ ರೆಡ್‌ಬಸ್ ಶುರುಮಾಡಿದರು.

ಈಗ ನಾವು ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದಲ್ಲಿದ್ದೇವೆ. ಮಂಡಕ್ಕಿಯಂಥ ದೂರು ಬಂದರೆ ಅದಕ್ಕೊಂದು ಟಿಕೆಟ್ ನಂಬರು ಬೀಳುತ್ತದೆ. ಸಪೋರ್ಟಿನವರು ಅದನ್ನು ಪ್ರಾಡಕ್ಟ್ ಟೀಮಿಗೆ ಕಳಿಸುತ್ತಾರೆ, ಅವರು ಅದರ ತುರ್ತು ಎಷ್ಟೆಂದು ಗುರುತು ಹಾಕುತ್ತಾರೆ, ಎಂಜಿನಿಯರಿಗೆ ತಲುಪುವಾಗ ಎರಡು ವಾರ. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಕೋಡ್ ಬರೆಯುವ ಹುಡುಗನಿಗೆ ದಾವಣಗೆರೆಯವರ ದನಿ ಕೇಳಿಸುವುದಿಲ್ಲ. ಅವನಿಗೆ ಸಿಗುವುದು "ಜಿಎಸ್‌ಟಿ ಸಮಸ್ಯೆ, ಆಹಾರ ವಿಭಾಗ" ಎಂಬ ಒಂದು ಸಾಲು. ಸೇರಿನಲ್ಲಿ ಅಳೆಯುವ ಮಾತು ದಾರಿಯಲ್ಲೇ ಉದುರಿಹೋಗಿರುತ್ತದೆ.

ಇದಕ್ಕೊಂದು ಲೆಕ್ಕವಿದೆ. ಐಬಿಎಂನ ಓಎಸ್/360 ಎಂಬ ಭಾರೀ ಸಾಫ್ಟ್‌ವೇರ್ ಕೆಲಸವನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ ಅದನ್ನು ಬಿಡಿಸಿಟ್ಟರು. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ, ಏಕೆಂದರೆ ಮಾತಾಡಿಕೊಳ್ಳಬೇಕಾದ ಜೋಡಿಗಳು ಜನರಿಗಿಂತ ವೇಗವಾಗಿ ಹೆಚ್ಚುತ್ತವೆ. ಹನ್ನೆರಡು ಜನರಿದ್ದರೆ 66 ಜೋಡಿ. ನಲವತ್ತಾದರೆ 780. ಮುನ್ನೂರಾದರೆ 44,850. ಅತ್ತ ಸ್ಟಾರ್ಟಪ್ ಲೋಕದ ಹಿರಿಯ ಪಾಲ್ ಗ್ರಹಾಂ 2012ರಲ್ಲಿ ಬರೆದಂತೆ, ಎಳೆಯ ಕಂಪನಿಯೊಂದು ವಾರಕ್ಕೆ ಶೇಕಡಾ 5ರಿಂದ 7 ಬೆಳೆದರೆ ಒಳ್ಳೆಯ ಬೆಳವಣಿಗೆ. ವಾರಕ್ಕೆ ಐದು ಎಂದರೆ ವರ್ಷಕ್ಕೆ ಹನ್ನೆರಡೂವರೆ ಪಟ್ಟು. ಗಿರಾಕಿ ಹನ್ನೆರಡು ಪಟ್ಟಾದಾಗ ಜನರನ್ನು ಸೇರಿಸದೆ ವಿಧಿಯಿಲ್ಲ. ಬೆಳೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಬೆಳೆದದ್ದರಿಂದಲೇ ಹಾವೇರಿಯ ಹುಡುಗಿ ಇವತ್ತು ಇಪ್ಪತ್ತು ಜನರ ಟೀಮು ನಡೆಸುತ್ತಾಳೆ, ಊರಿನಲ್ಲಿ ಅಪ್ಪನಿಗೆ ಬೋರ್‌ವೆಲ್ ಹಾಕಿಸಿಕೊಟ್ಟಿದ್ದಾಳೆ. ಆ ಬೋರ್‌ವೆಲ್ಲಿನ ನೀರು ನನಗೂ ಸಂತೋಷವೇ.

ನಾನು ಕೇಳುವುದು ಇಷ್ಟೇ: ಊಟದ ಮೇಜನ್ನು ಉಳಿಸಿ. ಈಗ ನಮ್ಮಲ್ಲಿ ಕೇಟರಿಂಗಿನವರು ಬರುತ್ತಾರೆ, ಊಟ ಮೂರು ಪಾಳಿ. ಹನ್ನೆರಡೂವರೆಗೆ ಸಪೋರ್ಟು, ಒಂದೂಕಾಲಿಗೆ ಸೇಲ್ಸು, ಎರಡಕ್ಕೆ ಎಂಜಿನಿಯರಿಂಗು. ಅರ್ಧದಷ್ಟು ಜನ ತಟ್ಟೆ ಹಿಡಿದುಕೊಂಡು ಸೀಟಿಗೇ ಹೋಗಿ ಸ್ಕ್ರೀನ್ ನೋಡುತ್ತಾ ತಿನ್ನುತ್ತಾರೆ. ಪಾಳಿ ಮಾಡುವುದೇ ಆದರೆ ಟೀಮುಗಳನ್ನು ಬೆರೆಸಿ ಮಾಡಬಹುದಲ್ಲ! ಪ್ರತಿ ಪಾಳಿಯಲ್ಲೂ ಫೋನು ತೆಗೆಯುವವರು, ಕೋಡ್ ಬರೆಯುವವರು, ಲೆಕ್ಕ ನೋಡುವವರು ಇರಲಿ. ಉದ್ದ ಬೆಂಚು ಹಾಕಿ. ನಾಲ್ಕು ಕುರ್ಚಿಯ ಪುಟ್ಟ ಮೇಜುಗಳಲ್ಲಿ ಆಗಲೇ ಪರಿಚಯವಿದ್ದವರೇ ಹೋಗಿ ಕೂರುತ್ತಾರೆ. ಒಂದರಿಂದ ಎರಡರವರೆಗೆ ಯಾರೂ ಮೀಟಿಂಗು ಇಡಬಾರದೆಂದು ಕಟ್ಟುನಿಟ್ಟು ಮಾಡಿ.

ಇದು ನನ್ನೊಬ್ಬಳ ಹಟವಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಕೆವಿನ್ ನಿಫಿನ್ ಮತ್ತು ಸಂಗಡಿಗರು ಅಮೆರಿಕದ ಒಂದು ದೊಡ್ಡ ನಗರದ ಅಗ್ನಿಶಾಮಕ ಠಾಣೆಗಳನ್ನು ನೋಡಿ 2015ರಲ್ಲಿ ಬರೆದರು: ಕೂಡಿ ಅಡುಗೆ ಮಾಡಿಕೊಂಡು ಕೂಡಿ ಉಣ್ಣುವ ತಂಡಗಳ ಕೆಲಸವೂ ಹೆಚ್ಚು ಚೆನ್ನಾಗಿರುತ್ತದೆ. ಅಲ್ಲಿ ಊಟದ ಖರ್ಚಿಗೆ ಎಲ್ಲರೂ ತಮ್ಮ ಜೇಬಿನಿಂದಲೇ ಹಾಕುತ್ತಾರೆ. ನಮ್ಮ ದೇಶದ ಕಾನೂನು ಮಾಡಿದವರಿಗೂ ಈ ವಿವೇಕವಿತ್ತು. 1948ರ ಕಾರ್ಖಾನೆ ಕಾಯ್ದೆಯಲ್ಲಿ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನಿಗೆ ಜಾಗ ಮಾಡಿದರು. ನನ್ನ ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದವರು. ಅವರ ಗೆಳೆಯರೆಲ್ಲ ಕ್ಯಾಂಟೀನಿನ ಗೆಳೆಯರು. ಪೇಂಟ್ ಶಾಪಿನವರು, ಸ್ಟೋರ್ಸಿನವರು, ಗೇಟಿನವರು, ಎಲ್ಲರೂ ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದಿದ್ದರು. ತಮ್ಮ ಸೆಕ್ಷನ್ನಿನಾಚೆ ಒಬ್ಬರೂ ಗೊತ್ತಿಲ್ಲದ ಕೆಲಸಗಾರ ಅಪ್ಪನಿಗೆ ಊಹೆಗೂ ನಿಲುಕುತ್ತಿರಲಿಲ್ಲ.

ಕೋರಮಂಗಲದ ಆ ಮನೆಯನ್ನು ನೆನೆದಾಗೆಲ್ಲ ನನಗೆ ವಿರಾಟಪರ್ವ ನೆನಪಾಗುತ್ತದೆ. ಮಳೆ ಕೈಕೊಟ್ಟ ವರ್ಷ ನಮ್ಮ ಊರಿನ ದೇವಸ್ಥಾನದಲ್ಲಿ ಕುಮಾರವ್ಯಾಸನ ವಿರಾಟಪರ್ವ ಓದಿಸುತ್ತಿದ್ದರು. ಒಬ್ಬರು ಹಾಡುವುದು, ಇನ್ನೊಬ್ಬರು ಅರ್ಥ ಹೇಳುವುದು, ಅಜ್ಜಿಯ ಪಕ್ಕದಲ್ಲಿ ನಾನು ಬತ್ತಿ ಹೊಸೆಯುತ್ತಾ ಕೇಳುವುದು. ವಿರಾಟನ ಮನೆಯಲ್ಲಿ ಎಲ್ಲರೂ ತಮ್ಮದಲ್ಲದ ಕೆಲಸ ಹಿಡಿಯುತ್ತಾರೆ. ಧರ್ಮರಾಯ ಕಂಕನಾಗಿ ರಾಜನ ಜೊತೆ ಪಗಡೆಯಾಡುತ್ತಾನೆ, ಅರ್ಜುನ ಬೃಹನ್ನಳೆಯಾಗಿ ಕುಣಿತ ಕಲಿಸುತ್ತಾನೆ, ನಕುಲ ಕುದುರೆ ನೋಡುತ್ತಾನೆ, ಸಹದೇವ ದನ ಕಾಯುತ್ತಾನೆ, ದ್ರೌಪದಿ ಸೈರಂಧ್ರಿಯಾಗಿ ರಾಣಿಯ ತಲೆ ಬಾಚುತ್ತಾಳೆ. ಮೊದಲ ವರ್ಷದ ಸ್ಟಾರ್ಟಪ್ ಹೀಗೇ. ಎಂಜಿನಿಯರು ಬಾಡಿಗೆ ಕರಾರು ಓದಬೇಕು, ಅಕೌಂಟ್ಸಿನವರು ಸಂದರ್ಶನ ಮಾಡಬೇಕು, ನಾನು ಬಿಲ್ ಪ್ರಿಂಟರ್ ಬಿಚ್ಚಿ ರಿಪೇರಿ ಮಾಡಬೇಕು. ಅವರಿಗೂ ಒಂದು ವರ್ಷದ ಗಡುವು, ನಮಗೂ ಒಂದು ವರ್ಷದ ಗಡುವು. ಕಂಪನಿ ಕೊಡುವ ಇಸಾಪ್ ಷೇರುಗಳಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ತುಂಬುವ ತನಕ ಒಂದೂ ಕೈಗೆ ಹತ್ತುವುದಿಲ್ಲ. ತುಂಬಿದ ದಿನ ನಾಲ್ಕನೇ ಒಂದು ಪಾಲು, ಉಳಿದದ್ದು ಮುಂದಿನ ಮೂರು ವರ್ಷಗಳಲ್ಲಿ. ಹನ್ನೊಂದನೇ ತಿಂಗಳಲ್ಲಿ ಬಿಟ್ಟುಹೋದವರಿಗೆ ಬರಿಗೈ. ಪಾಂಡವರಂತೂ ಸಿಕ್ಕಿಬಿದ್ದಿದ್ದರೆ ಮತ್ತೆ ಹನ್ನೆರಡು ವರ್ಷ ಕಾಡು. ಆ ವರ್ಷ ದಾಟಿಸುವುದು ಷೇರಿನ ಆಸೆಯಲ್ಲ. ಪಕ್ಕದಲ್ಲಿ ಕೂತವರು ಯಾರೆಂದು ಗೊತ್ತಿರುವುದೇ ದಾಟಿಸುತ್ತದೆ. ಬೇರೆ ಹೆಸರು, ಬೇರೆ ವೇಷದಲ್ಲಿದ್ದರೂ ಆ ಆರು ಜನಕ್ಕೆ ಪರಸ್ಪರ ಗುರುತಿತ್ತು.

ಭೀಮನನ್ನು ಬಿಟ್ಟೆ. ವಲಲನೆಂಬ ಹೆಸರಿನಲ್ಲಿ ಅವನು ಅಡುಗೆಯವನಾದ. ಅಜ್ಜಿಯನ್ನು ನಾನು ಕೇಳುತ್ತಿದ್ದ ಪ್ರಶ್ನೆಯೆಂದರೆ ಭೀಮ ಅಲ್ಲಿ ಏನೇನು ಅಡುಗೆ ಮಾಡಿದ ಎಂಬುದು. ಕೀಚಕನ ಕಥೆಗೆ ಎಲ್ಲರೂ ಕಾಯುತ್ತಿದ್ದರೆ ನನಗೆ ಒಲೆಯ ಮೇಲೆ ಏನಿದೆಯೆಂಬ ಯೋಚನೆ. ಅಜ್ಜಿ, "ಭೀಮ ಇನ್ನೇನು ಮಾಡ್ತಾನೆ ಮಗ, ಸಾರು ಮಾಡಿರ್ತಾನೆ" ಎನ್ನುತ್ತಿದ್ದರು. ಅವರ ಪ್ರಕಾರ ಅಡುಗೆ ಬಲ್ಲವರ ಕೈ ಗೊತ್ತಾಗುವುದೇ ಸಾರಿನಲ್ಲಿ.

ಈ ಮಾತು ಕೋರಮಂಗಲದ ಮೇಜಿನ ಮೇಲೂ ಬಂದಿತ್ತು. ಚೆನ್ನೈನಿಂದ ಬಂದ ಡಿಸೈನರ್ ಹುಡುಗಿ ಅನ್ನಕ್ಕೆ ಮೊದಲು ಸಾಂಬಾರು ಸುರಿದುಕೊಂಡು, ಆಮೇಲೆ ರಸಂ, ಕೊನೆಗೆ ಮೊಸರು ಎಂದು ಹೊರಟಳು. ಅವರ ಮನೆಯ ಕ್ರಮ ಅದು. ನಮ್ಮಲ್ಲಿ ಮೊದಲು ಸಾರು, ಆಮೇಲೆ ಹುಳಿ. ಅಂದು ಮೇಜಿಗೆ ಮೇಜೇ ಎರಡು ಪಂಗಡವಾಯಿತು. ಅವಳ ಅಮ್ಮನ ರಸಂ ಬಹಳ ರುಚಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಳಿ ಉಂಡು ಹೊಟ್ಟೆ ಭಾರವಾದ ಮೇಲೆ ರಸಂ ಬಂದರೆ ಅದರ ಪರಿಮಳ ಯಾರ ಗಮನಕ್ಕೆ ಬರಬೇಕು? ಸಾರು ತೆಳ್ಳಗೆ, ಬಿಸಿಬಿಸಿ. ಹಸಿವನ್ನು ಕೆರಳಿಸಿ ಮುಂದಿನದಕ್ಕೆ ಹೊಟ್ಟೆಯನ್ನು ಸಿದ್ಧಮಾಡುವುದು ಅದರ ಕೆಲಸ. ಹುಳಿಯಲ್ಲಿ ಬೇಳೆಯಿದೆ, ತರಕಾರಿಯಿದೆ, ಅದಕ್ಕೆ ಆತುರವಿಲ್ಲ, ಎರಡನೇ ಸರದಿಗೆ ಕಾಯಬಲ್ಲದು. ಮದುವೆ ಮನೆಯ ಅಡುಗೆಭಟ್ಟರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. ಅದರಲ್ಲೂ ಆಗ ತಾನೇ ಕುಟ್ಟಿದ ಮೆಣಸು ಜೀರಿಗೆಯ ಸಾರಾದರೆ, ಹುಳಿಯ ಬಕೆಟ್ಟು ಪಂಕ್ತಿಯ ಆ ತುದಿಯಿಂದ ಹೊರಡುವ ಮುಂಚೆಯೇ ಸಾರಿನವರನ್ನು ಕರೆದು ಇನ್ನೊಂದು ಸೌಟು ಹಾಕಿಸಿಕೊಳ್ಳಬೇಕು.