ಮುಕ್ಕಾಲು ಗಂಟೆಯ ಊಟ

ಟೋಕಿಯೊದ ತಕದನೊಬಬ ರೈಲು ನಿಲ್ದಾಣದಿಂದ ಹೊರಬಿದ್ದರೆ ಮೊದಲು ಕಾಣುವುದು ವಿದ್ಯಾರ್ಥಿಗಳ ಗುಂಪು, ಆಮೇಲೆ ಊಟದಂಗಡಿಗಳ ಸಾಲು. ವಸೇದಾ ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿ ಇದು. 2024ರ ನವೆಂಬರ್‌ನ ಒಂದು ಸಂಜೆ ಅಲ್ಲಿನ ಅಂಗಡಿಯೊಂದರ ಗಾಜಿನೆದುರು ನಿಂತು ನನ್ನ ಅಕ್ಕನ ಮಗ ತುಟಿಯಲ್ಲೇ ಏನನ್ನೋ ಗುಣಿಸುತ್ತಿದ್ದ. ಗಾಜಿನೊಳಗೆ ಅನ್ನ, ಮೀನು, ಸಾರಿನ ಬಟ್ಟಲು. ಎಲ್ಲವೂ ನಿಜವನ್ನು ನಾಚಿಸುವ ಪ್ಲಾಸ್ಟಿಕ್ ಮಾದರಿಗಳು. ಪಕ್ಕದಲ್ಲಿ ಬೆಲೆ: 850 ಯೆನ್.

“ನಾನೂರ ಎಪ್ಪತ್ತು ರೂಪಾಯಿ ಆಯ್ತು ಮಾವ. ಬೇಡ, ಬನ್ ತಗೊಂಡು ರೂಮಿಗೆ ಹೋಗುವ” ಎಂದ.

ಕುಂದಾಪುರ ಬಿಟ್ಟು ಬಂದು ಅವನಿಗೆ ಏಳು ತಿಂಗಳಾಗಿತ್ತು. ಮಧ್ಯಾಹ್ನ ಬನ್ನು, ರಾತ್ರಿ ಪೊಟ್ಟಣದ ನೂಡಲ್ಸ್. ಬೆಲ್ಟಿಗೆ ಹೊಸದೊಂದು ತೂತು ಬಿದ್ದದ್ದನ್ನು ಅಮ್ಮನಿಗೆ ಹೇಳಿರಲಿಲ್ಲ. ನಾನು ಮಾತಾಡದೆ ಅವನ ತೋಳು ಹಿಡಿದು ಒಳಗೆ ನಡೆದೆ.

ಬಾಗಿಲಲ್ಲೇ ಒಂದು ಯಂತ್ರ. ಹಣ ಹಾಕಿ ಗುಂಡಿ ಒತ್ತಿದರೆ ಚೀಟಿ ಬರುತ್ತದೆ. ಬೆಂಗಳೂರಿನ ದರ್ಶಿನಿಗಳಲ್ಲಿ ಮೊದಲು ಚೀಟಿ ಪಡೆದು ಆಮೇಲೆ ಇಡ್ಲಿ ತಿನ್ನುವವರಿಗೆ ಇದೇನೂ ಹೊಸದಲ್ಲ. ಚೀಟಿ ಕೊಟ್ಟ ಹತ್ತು ನಿಮಿಷದೊಳಗೆ ತಟ್ಟೆ ಬಂತು. ಬಿಸಿ ಅನ್ನ, ಹುದುಗಿಸಿದ ಸೋಯಾ ಕಾಳಿನ ಮಿಸೊ ಸಾರು, ಒಂದಿಷ್ಟು ಉಪ್ಪಿನಲ್ಲಿಟ್ಟ ತರಕಾರಿ, ಜೊತೆಗೆ ನಮ್ಮ ಬಂಗುಡೆಯ ದೊಡ್ಡಣ್ಣನಂತಿದ್ದ ಸುಟ್ಟ ಮೀನು. ಹೀಗೆ ಎಲ್ಲವೂ ಸೇರಿ ಬರುವ ಊಟಕ್ಕೆ ‘ತೇಶೊಕು’ ಎಂದು ಹೆಸರು. ಮೀನು ಕಂಡದ್ದೇ ಹುಡುಗ ಗುಣಾಕಾರ ಮರೆತ.

ಈ ಊಟಕ್ಕೆ ಕೊಟ್ಟ ಹಣ ಸಾರ್ಥಕವೇ? ಮೊದಲು, ಬಿಲ್ಲಿನಲ್ಲಿ ಬಾರದವುಗಳನ್ನು ಲೆಕ್ಕ ಹಾಕಬೇಕು. ನೀರು, ಚಹಾ ಪುಕ್ಕಟೆ. ಭಕ್ಷೀಸು ಕೊಡುವ ಪದ್ಧತಿಯೇ ಇಲ್ಲ. 2021ರ ಏಪ್ರಿಲ್‌ನಿಂದ ತೆರಿಗೆ ಸೇರಿಸಿದ ಬೆಲೆಯನ್ನೇ ತೋರಿಸಬೇಕೆಂಬ ನಿಯಮವಿರುವುದರಿಂದ ಗಾಜಿನಲ್ಲಿ ಕಂಡಷ್ಟೇ ಕೊಟ್ಟೆವು. ಕೆಲವು ಅಂಗಡಿಗಳಲ್ಲಿ ಎರಡನೆಯ ಸಲದ ಅನ್ನಕ್ಕೂ ಕಾಸಿಲ್ಲ. ಒಬ್ಬನೇ ಹೋಗಿ ಮೂಲೆಯಲ್ಲಿ ಉಂಡು ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಪರವೂರಿನ ಹುಡುಗನಿಗೆ ಅದೂ ಒಂದು ಲಾಭವೇ.

ಇಲ್ಲಿ ಅಗ್ಗವಾಗಿಸುವ ಉಪಾಯವೆಲ್ಲ ಆಳು ಮತ್ತು ಹೊತ್ತನ್ನು ಉಳಿಸುವುದರಲ್ಲಿದೆ. ಅನ್ನದ ಮೇಲೆ ದನದ ಮಾಂಸ ಹರಡಿಕೊಡುವ ಗ್ಯೂದೋನ್‌ಗೆ ಹೆಸರಾದ ಯೋಶಿನೋಯ 1899ರಲ್ಲಿ ಹುಟ್ಟಿದ್ದು ಟೋಕಿಯೊದ ಮೀನುಪೇಟೆಯಲ್ಲಿ, ಕೂತು ಉಣ್ಣಲು ಪುರಸೊತ್ತಿಲ್ಲದವರಿಗಾಗಿ. ಹಿಗಾಶಿ ಒಸಾಕಾದ ಯೋಶಿಯಾಕಿ ಶಿರಾಯಿಶಿ ಕಾರ್ಖಾನೆಯಲ್ಲಿ ಬಿಯರ್ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ಕಂಡು, 1958ರಲ್ಲಿ ಸುಶಿ ತಟ್ಟೆಗಳನ್ನೂ ಹಾಗೆಯೇ ಓಡಿಸಿದರು. ಬಡಿಸುವ ಕೈ ಕಡಿಮೆಯಾಯಿತು, ಸಾಮಾನ್ಯನಿಗೂ ಸುಶಿ ಎಟುಕಿತು.

ಆದರೆ ಅಗ್ಗವೆಲ್ಲ ಲಾಭವಲ್ಲ. ಗ್ಯೂದೋನ್ ಆಗ 400ರಿಂದ 500 ಯೆನ್ನಿನೊಳಗೆ ಸಿಗುತ್ತಿತ್ತು. ಹೊಟ್ಟೆ ತುಂಬುತ್ತದೆ, ತರಕಾರಿ ಬೇಕೆಂದರೆ ಬೇರೆ ಹಣ. ಸುಶಿಯ ಒಂದು ತಟ್ಟೆ ಅಗ್ಗ, ಖಾಲಿ ತಟ್ಟೆಗಳ ಗೋಪುರ ಅಗ್ಗವಲ್ಲ. ಸಸ್ಯಾಹಾರಿ ಮಕ್ಕಳ ಪಾಡಂತೂ ಬೇರೆಯೇ. ಮೀನಿನ ಚೂರು ಒಂದೂ ಕಾಣದ ನೂಡಲ್ಸ್ ಬಟ್ಟಲಿನ ಸಾರೂ ಸಾಮಾನ್ಯವಾಗಿ ‘ದಾಶಿ’ ಎಂಬ, ಒಣಮೀನು ಹಾಕಿದ ತಿಳಿಯಿಂದಲೇ ಆದದ್ದು. ಅಂಥವರು ಕುಕ್ಕರ್ ಒಯ್ಯುವುದೇ ಮೇಲು. 2025ರ ವಸಂತದ ಹೊತ್ತಿಗೆ ಅಲ್ಲಿನ ಅಕ್ಕಿಯ ಬೆಲೆ ಹಿಂದಿನ ವರ್ಷದ ಎರಡರಷ್ಟಾಯಿತೆಂಬುದನ್ನೂ ಹೊರಡುವ ಮುನ್ನ ತಿಳಿದಿರಬೇಕು.

ವಿಶ್ವವಿದ್ಯಾಲಯದ ಕ್ಯಾಂಟೀನು ಹೊರಗಿನ ಅಂಗಡಿಗಿಂತ ಅಗ್ಗ. ಕೆಲವು ಕಡೆ 100 ಯೆನ್ನಿಗೇ ಬೆಳಗಿನ ಊಟ ಹಾಕುತ್ತಾರೆ. ಉಳಿದ ಖರ್ಚನ್ನು ಹಳೆಯ ವಿದ್ಯಾರ್ಥಿಗಳ ಅಥವಾ ಪೋಷಕರ ಸಂಘ ಹೊರುವುದುಂಟು. ಹಲವು ವಿಶ್ವವಿದ್ಯಾಲಯಗಳ ಸಹಕಾರ ಸಂಘಗಳು ಊಟದ ಕಾರ್ಡು ಕೊಡುತ್ತವೆ. ಹೆತ್ತವರು ಮೊದಲೇ ಹಣ ತುಂಬಿಟ್ಟರೆ ಸಾಕು, ಮಗ ಏನು ತಿಂದ ಎಂಬುದನ್ನೂ ಮನೆಯಿಂದಲೇ ನೋಡಬಹುದು. ಮಕ್ಕಳು ಇದನ್ನು ಎಷ್ಟು ಮೆಚ್ಚುತ್ತಾರೋ ಕಾಣೆ!

ಉಂಡ ಮೇಲೆ ಹುಡುಗನಿಗೆ ಬೇರೆ ಲೆಕ್ಕವೊಂದನ್ನು ಹೇಳಿಕೊಟ್ಟೆ. ಅನುಮತಿ ಪಡೆದ ವಿದೇಶೀ ವಿದ್ಯಾರ್ಥಿ ಅಲ್ಲಿ ವಾರಕ್ಕೆ 28 ಗಂಟೆ ದುಡಿಯಬಹುದು. ಇವನೂ ವಾರಕ್ಕೆರಡು ಸಂಜೆ ಅಂಗಡಿಯೊಂದರಲ್ಲಿ ನಿಲ್ಲುತ್ತಿದ್ದ. 2024ರ ಅಕ್ಟೋಬರ್‌ನಿಂದ ಟೋಕಿಯೊದ ಕನಿಷ್ಠ ಕೂಲಿ ಆಗ ಗಂಟೆಗೆ 1,163 ಯೆನ್ ಇತ್ತು. ಆ ಲೆಕ್ಕದಲ್ಲಿ ಈ ಊಟ ಮುಕ್ಕಾಲು ಗಂಟೆಯ ದುಡಿಮೆ. ಗ್ಯೂದೋನ್ ಅರ್ಧ ಗಂಟೆಗೂ ಕಡಿಮೆ. ಮನೆಯ ಹಣದಲ್ಲೇ ಓದುವವರಿಗೆ ರೂಪಾಯಿಯ ಲೆಕ್ಕ ತಪ್ಪಿದ್ದಲ್ಲ, ನಿಜ. ಆದರೆ ಹೊರಡುವ ಮುಂಚೆಯೇ ಊಟದ ಖರ್ಚನ್ನು ಫೀಸಿನಂತೆ ಬರೆದಿಡಬೇಕು. ತುತ್ತು ತುತ್ತಿಗೂ ರೂಪಾಯಿ ಗುಣಿಸುತ್ತ ಕೂತರೆ ಉಳಿಯುವುದು ಹಣ, ಸವೆಯುವುದು ಮೈ.

ರಾತ್ರಿ ಅಕ್ಕನಿಗೆ ಫೋನು ಮಾಡಿದೆ. “ಎಂಥ ತಿಂದ?” ಎಂದಳು. ಮೀನು, ಅನ್ನ ಎಂದೆ. “ಎಷ್ಟಾಯ್ತು?”

“ಮುಕ್ಕಾಲು ಗಂಟೆ.”

“ಅದೆಂಥ ರೇಟು ಮಾರಾಯ?”

ಬಿಡಿಸಿ ಹೇಳಿದೆ, ಬೆಲ್ಟಿನ ತೂತನ್ನೂ ಸೇರಿಸಿ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹಾಗಾದ್ರೆ ಉಣ್ಲಿ. ಇನ್ನು ಬನ್ನು ತಿನ್ನುದು ಬೇಡ ಅಂತ ಹೇಳು” ಎಂದಳು.